ಎರಡು ಬಗೆಯ ಪತ್ರಗಳು: ಆಟಿಸಂ ಚರಿತ್ರೆಯಲ್ಲಿ ಮನೆಯವರ ಸ್ಥಾನ

ಆಟಿಸಂ ಇರುವ ಮಗುವನ್ನು ಬೆಳೆಸುವ ಮನೆಯೊಂದರ ಕಥೆಯಾದ ‘ದಿ ಎ ವರ್ಡ್’ ಧಾರಾವಾಹಿ 2016ರಲ್ಲಿ ಬಿಬಿಸಿಯಲ್ಲಿ ಆರಂಭವಾಯಿತು. ಅದಕ್ಕೆ ಮೂಲ, ಕೆರೆನ್ ಮಾರ್ಗಲಿತ್ ರಚಿಸಿದ 2010ರ ಇಸ್ರೇಲಿ ಧಾರಾವಾಹಿ. ಹಾಡುಗಳ ಲೋಕದಲ್ಲಿ ಮುಳುಗಿರುವ ಐದು ವರ್ಷದ ಜೋ, ಅವನನ್ನು ಅರಿಯಲು ತಡವರಿಸುವ ತಂದೆತಾಯಿ, ಅಕ್ಕ, ಅಜ್ಜ ಇವರೇ ಅದರ ಮುಖ್ಯ ಪಾತ್ರಗಳು. ಮನೆಯವರು ಉಚ್ಚರಿಸಲು ಹಿಂಜರಿಯುವ ಪದದ ಮೊದಲ ಅಕ್ಷರವೇ ಶೀರ್ಷಿಕೆಯಲ್ಲಿದೆ. ಇಂತಹ ಕಥೆಯ ನಡುವೆ ವೈದ್ಯರಲ್ಲದೆ ಮನೆಯವರು ನಿಂತಿರುವುದು ಇಂದು ನಮಗೆ ಸಹಜವೆನಿಸುತ್ತದೆ. ಆದರೆ ಆ ಸ್ಥಾನ ಅವರಿಗೆ ಸುಲಭವಾಗಿ ದೊರೆತುದಲ್ಲ.

ನಮ್ಮ ಡ್ರೆಸ್ಡೆನ್ನಿನಿಂದ ಎಲ್ಬೆ ನದಿಯ ಗುಂಟ ಸುಮಾರು 20 ಕಿ.ಮೀ. ಮೇಲಕ್ಕೆ ಸಾಗಿದರೆ ಪಿರ್ನಾ ಪಟ್ಟಣ. ಅಲ್ಲಿನ ಜೊನೆನ್‌ಶ್ಟೈನ್ ಕೋಟೆಯಲ್ಲಿ 1811ರಲ್ಲಿ ಆರಂಭವಾದ ಮಾನಸಿಕ ಚಿಕಿತ್ಸಾಲಯವು, ಮನೋರೋಗಿಗಳನ್ನು ಗುಣಪಡಿಸಬಹುದೆಂಬ ನಂಬಿಕೆಗೆ ಹೆಸರಾಗಿತ್ತು. ಅದೇ ಆವರಣದಲ್ಲಿ 1940ರ ಜೂನ್‌ನಿಂದ 1941ರ ಆಗಸ್ಟ್‌ವರೆಗೆ ನಾಜಿ ಆಡಳಿತವು 13,720 ಮಂದಿ ಮನೋರೋಗಿಗಳನ್ನೂ ಬೌದ್ಧಿಕ ನ್ಯೂನತೆಯುಳ್ಳವರನ್ನೂ ಅನಿಲ ಕೊಠಡಿಯಲ್ಲಿ ಕೊಂದಿತು. ಅವರಲ್ಲಿ ಮಕ್ಕಳೂ ಇದ್ದರು. ಮನೆಯವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಸಾವಿಗೆ ಸುಳ್ಳು ಕಾರಣವನ್ನು ಕಾಣಿಸಿದ ಸಾಂತ್ವನ ಪತ್ರವಷ್ಟೇ ಅವರಿಗೆ ತಲುಪುತ್ತಿತ್ತು. ಯಾರು ಸಾಯಬೇಕೆಂದು ನಿರ್ಧರಿಸಿದವರು ವೈದ್ಯರು ಎಂಬುದು ಅದೇ ವೃತ್ತಿಯಲ್ಲಿರುವ ನಮ್ಮನ್ನು ಇಂದಿಗೂ ಇರಿಯುವ ಸಂಗತಿ. ಹಿಂದೆ ಆ ಚಿಕಿತ್ಸಾಲಯದ ನಿರ್ದೇಶಕನಾಗಿದ್ದು ಮುಂದೆ ಈ ಹತ್ಯಾಯೋಜನೆಯ ಮುಖಂಡನಾದ ಪೌಲ್ ನಿಟ್ಶೆಗೆ 1947ರಲ್ಲಿ ಡ್ರೆಸ್ಡೆನ್ ನ್ಯಾಯಾಲಯವು ಮರಣದಂಡನೆ ವಿಧಿಸಿತು.

ಇದಕ್ಕೆ ಎರಡು ವರ್ಷ ಮುನ್ನ, 1938ರಲ್ಲಿ, ಅಮೆರಿಕದಲ್ಲಿ ಬೇರೊಂದು ಬಗೆಯ ಪತ್ರ ಮನೆಯಿಂದ ವೈದ್ಯರ ಕಡೆಗೆ ಹೊರಟಿತು. ಮಿಸಿಸಿಪಿಯ ಫಾರೆಸ್ಟ್ ಊರಿನ ಡೊನಾಲ್ಡ್ ಟ್ರಿಪ್ಲೆಟ್ ಎಂಬ ಬಾಲಕನ ತಂದೆ, ಮಗನಲ್ಲಿ ತಾವು ಕಂಡ ಪ್ರತಿಯೊಂದನ್ನೂ 33 ಪುಟಗಳಲ್ಲಿ ಬರೆದು, ಬರ್ಲಿನ್‌ನಲ್ಲಿ ಓದಿ ಅಮೆರಿಕಕ್ಕೆ ವಲಸೆ ಹೋಗಿದ್ದ ಲಿಯೋ ಕಾನರ್ ಅವರಿಗೆ ಕಳುಹಿಸಿದರು. 1943ರಲ್ಲಿ ಕಾನರ್ ಪ್ರಕಟಿಸಿದ ಪ್ರಬಂಧದ 11 ಮಕ್ಕಳಲ್ಲಿ ಡೊನಾಲ್ಡ್ ಮೊದಲನೆಯವನು. ಆಟಿಸಂ ಕುರಿತ ಇಂದಿನ ವೈದ್ಯಕೀಯ ತಿಳಿವಿನ ಬುನಾದಿಯಲ್ಲಿ ಒಬ್ಬ ತಂದೆಯ ಬರವಣಿಗೆಯಿದೆ.

ಆದರೂ ಮನೆಯವರು ಆರೋಪಿಗಳಾದರು. ತಾಯಿಯ ವಾತ್ಸಲ್ಯದ ಕೊರತೆಯೇ ಕಾರಣವೆಂಬ ವಾದಕ್ಕೆ ಬ್ರೂನೋ ಬೆಟೆಲ್‌ಹೈಮ್ 1967ರ ತಮ್ಮ ಗ್ರಂಥದಲ್ಲಿ ವ್ಯಾಪಕ ಪ್ರಚಾರ ಕೊಟ್ಟರು. ಅದನ್ನು ಎದುರಿಸಿದವರಲ್ಲಿ ತಂದೆತಾಯಿಯರೇ ಮುಂದಿದ್ದರು. 1962ರಲ್ಲಿ ಲಂಡನ್‌ನಲ್ಲಿ ಅವರು ಕಟ್ಟಿದ ಸಂಘದಲ್ಲಿ, ಆಟಿಸಂ ಇದ್ದ ಮಗಳ ತಾಯಿಯೂ ಮನೋವೈದ್ಯೆಯೂ ಆದ ಲೋರ್ನಾ ವಿಂಗ್ ಇದ್ದರು. ಅಮೆರಿಕದಲ್ಲಿ ಅಂತಹುದೇ ಮಗನ ತಂದೆಯಾದ ಬರ್ನಾರ್ಡ್ ರಿಮ್ಲಂಡ್ 1964ರ ಗ್ರಂಥದಲ್ಲಿ ಆಟಿಸಂಗೆ ಜೈವಿಕ ಮೂಲವಿದೆಯೆಂದು ವಾದಿಸಿದರು. ಭಾರತದಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯೂ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ಆಟಿಸಂ ಅನ್ನು ಹೆಸರಿಸಿದವು.

ಈ ಚರಿತ್ರೆ ನಮ್ಮ ಮನೆಗಳಿಗೂ ಸಂಬಂಧಿಸಿದ್ದು. ಮಗು ಮಾತಾಡುವುದು ತಡವಾದರೆ ‘ಮನೆಯಲ್ಲಿ ಕನ್ನಡ, ಹೊರಗೆ ಜರ್ಮನ್, ಅದಕ್ಕೇ ಹೀಗೆ’ ಎಂದು ನಮ್ಮಲ್ಲಿ ಸಮಾಧಾನ ಹೇಳುವುದುಂಟು. ಎರಡು ಭಾಷೆಗಳು ಆಟಿಸಂಗೆ ಕಾರಣವಲ್ಲ. ಅದಕ್ಕಾಗಿ ಕನ್ನಡವನ್ನು ಕೈಬಿಡಬೇಕಾಗಿಯೂ ಇಲ್ಲ. ಹೆಸರು ಹಿಡಿದು ಕರೆದರೂ ಮಗು ತಿರುಗದಿದ್ದರೆ, ಬೆರಳು ತೋರಿಸಿ ಏನನ್ನೂ ಹಂಚಿಕೊಳ್ಳದಿದ್ದರೆ, ಎರಡು ವರ್ಷದ ಹೊತ್ತಿಗೆ ನಡೆಯುವ ‘ಊ 7’ ತಪಾಸಣೆಯವರೆಗೂ ಕಾಯದೆ ಮಕ್ಕಳ ವೈದ್ಯರಿಗೆ ತಿಳಿಸುವುದು ಒಳಿತು. ಕಂಡದ್ದನ್ನು ದಿನಾಂಕ ಸಹಿತ ಬರೆದಿಟ್ಟು ಒಯ್ಯಿರಿ. ಕನ್ನಡದಲ್ಲಿ ಬರೆದರೂ ಸರಿಯೇ; ಅದನ್ನು ಜರ್ಮನ್‌ನಲ್ಲಿ ವಿವರಿಸಿ ಹೇಳಲು ಬಳಗದಲ್ಲಿ ನಾವಿದ್ದೇವೆ.