ಕನ್ಹೇರಿಯ ಮಳೆಗಾಲದ ಬಿಡಾರ

ಬೋರಿವಲಿಯಲ್ಲಿ ರೈಲಿಳಿದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು ದಾಟಿ ಕಾಡಿನ ರಸ್ತೆ ಹಿಡಿದರೆ, ಅದರ ಕೊನೆಗೆ ಕನ್ಹೇರಿಯ ಬೆಟ್ಟ. ಕೃಷ್ಣಗಿರಿ, ಅಂದರೆ ಕರಿಬೆಟ್ಟ ಎಂಬುದೇ ಸವೆದು ಈ ಹೆಸರಾಗಿದೆ. ಕೆಳಗೆ ತುಳಸಿ ಕೆರೆಯ ಕಡೆಯಿಂದ ಬರುವ ದಹಿಸರ್ ನದಿ. ಮೇಲೆ ಬೆಟ್ಟವನ್ನು ಸೀಳಿಕೊಂಡು ಇಳಿಯುವ ಹಳ್ಳ. ಜೂನ್ ಬಂದರೆ ಆ ಹಳ್ಳ ಭೋರ್ಗರೆಯುತ್ತದೆ, ಬೇಸಿಗೆಯಲ್ಲಿ ಬರೀ ಕಲ್ಲು. ಸಂಜೆಯಾಗುತ್ತಲೇ ಪ್ರವಾಸಿಗರನ್ನು ಹೊರಗೆ ಕಳಿಸುವ ಈ ಜಾಗದಲ್ಲಿ ಸುಮಾರು ಒಂದು ಸಾವಿರ ವರ್ಷ ಜನ ರಾತ್ರಿ ತಂಗಿದ್ದರು.

ಬೌದ್ಧ ಭಿಕ್ಷುಗಳಿಗೆ ತಿರುಗಾಟವೇ ನಿಯಮ. ಮಳೆಗಾಲದ ಮೂರು ತಿಂಗಳು ಮಾತ್ರ ಒಂದೆಡೆ ನಿಲ್ಲಬೇಕು; ಇದೇ ವಸ್ಸ ಅಥವಾ ವರ್ಷಾವಾಸ. ಜೈನ ಮುನಿಗಳ, ನಮ್ಮ ಮಠಗಳ ಚಾತುರ್ಮಾಸ್ಯವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಶ್ಚಿಮ ಘಟ್ಟದ ಆಸುಪಾಸಿನ ಗುಹೆಗಳೆಲ್ಲ ಇಂಥ ಮಳೆಯ ತಂಗುದಾಣಗಳೆಂದು ಹೇಳುವುದು ವಾಡಿಕೆ. ಕನ್ಹೇರಿಯ ಮಟ್ಟಿಗೆ ಆ ಮಾತು ಅರ್ಧ ಸತ್ಯ. ಅಲ್ಲಿನ ನೂರಕ್ಕೂ ಹೆಚ್ಚು ಗುಹೆಗಳಲ್ಲಿ ಹೆಚ್ಚಿನವು ಪುಟ್ಟವು: ಒಂದು ಜಗಲಿ, ಒಂದು ಕೋಣೆ, ಬಂಡೆಯಲ್ಲೇ ಕಡೆದ ಮಲಗುವ ಕಟ್ಟೆ. ಆದರೆ ಬಹುತೇಕ ಗುಹೆಗಳ ಪಕ್ಕದಲ್ಲೇ ಒಂದು ನೀರಿನ ತೊಟ್ಟಿ ಇದೆ. ಬೆಟ್ಟದ ಮೇಲೆ ಬಿದ್ದ ಮಳೆ ವ್ಯರ್ಥವಾಗದೆ ತೊಟ್ಟಿ ಸೇರುವಂತೆ ಬಂಡೆಯಲ್ಲೇ ಕಾಲುವೆ ಕೊರೆದಿದ್ದಾರೆ. ಮಳೆಗಾಲಕ್ಕೆ ಮಾತ್ರ ಬಂದು ಹೋಗುವವರಿಗೆ ಇಷ್ಟು ತೊಟ್ಟಿ ಯಾಕೆ ಬೇಕು? ಹಳ್ಳ ಬತ್ತಿದ ಮೇಲೂ ಇಲ್ಲಿ ಜನ ಇದ್ದರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ಮಳೆಗೆಂದು ಹಾಕಿದ ಬಿಡಾರ ನಿಧಾನಕ್ಕೆ ಊರಾಯಿತು.

ಅದಕ್ಕೆ ದುಡ್ಡು ಕೊಟ್ಟವರು ಯಾರೆಂದು ಗೋಡೆಗಳೇ ಹೇಳುತ್ತವೆ. ಕಲ್ಯಾಣದ ಒಬ್ಬ ಅಕ್ಕಸಾಲಿಗ ನೀರಿನ ತೊಟ್ಟಿ ಕೊಟ್ಟ. ಅದೇ ಊರಿನ ಕಮ್ಮಾರನೊಬ್ಬ ದಾರಿ ಮಾಡಿಸಿದ. ವಾಸಿಷ್ಠೀಪುತ್ರ ಸಾತಕರ್ಣಿಯ ರಾಣಿ ಶಕರ ಮಹಾಕ್ಷತ್ರಪನ ಮಗಳು. ಆ ಮನೆತನಗಳ ಮದುವೆಯ ಸುದ್ದಿ ಇತಿಹಾಸಕಾರರಿಗೆ ಸಿಕ್ಕಿದ್ದು ಶತೇರಕನೆಂಬ ಅಮಾತ್ಯ ಇಲ್ಲಿ ಕೊಟ್ಟ ನೀರಿನ ತೊಟ್ಟಿಯ ಬರಹದಿಂದ. ಯಜ್ಞಶ್ರೀ ಸಾತಕರ್ಣಿಯ 16ನೇ ಆಳ್ವಿಕೆಯ ವರ್ಷದಲ್ಲಿ ಕಲ್ಯಾಣದ ವ್ಯಾಪಾರಿಯೊಬ್ಬ ಗುಹೆಯ ಜೊತೆಗೆ 200 ಕಾರ್ಷಾಪಣಗಳನ್ನೂ ಮಂಗಲಸ್ಥಾನದ ಒಂದು ಹೊಲವನ್ನೂ ಬಿಟ್ಟುಕೊಟ್ಟ. ಅದರ ಆದಾಯದಲ್ಲಿ ಅಲ್ಲಿರುವ ಭಿಕ್ಷುವಿನ ಬಟ್ಟೆಗೆ 16 ಕಾರ್ಷಾಪಣ ಕೊಡಬೇಕೆಂಬ ಕರಾರು. ಆ ಮಂಗಲಸ್ಥಾನವೇ ಇಂದಿನ ಮಾಗಾಠಾಣೆ. ಹೊಲವಿದ್ದ ಊರಲ್ಲಿ ಈಗ ಅಪಾರ್ಟ್‌ಮೆಂಟುಗಳು.

ಕನ್ನಡ ನಾಡಿನ ಹೆಜ್ಜೆಯೂ ಇಲ್ಲಿದೆ. ಮಹಾರಾಜನೊಬ್ಬನ ಮಗಳು, ಮಹಾರಠಿಯ ಹೆಂಡತಿ ನಾಗಮೂಲನಿಕೆ ಇಲ್ಲೊಂದು ಗುಹೆ ಕೊರೆಸಿದಳು. ಬನವಾಸಿಯ ನಾಗಶಿಲೆಯ ಶಾಸನದ ಜೊತೆ ಇದನ್ನು ಹೋಲಿಸಿದ ವಿದ್ವಾಂಸರು ಇವಳನ್ನು ಬನವಾಸಿಯ ಚುಟು ಮನೆತನದವಳೆಂದು ಗುರುತಿಸಿದ್ದಾರೆ. ಒಪ್ಪುವುದಾದರೆ, ಉತ್ತರ ಕನ್ನಡದ ಕಾಡಿನ ಹುಡುಗಿ ಸಾಲ್ಸೆಟ್ಟಿ ದ್ವೀಪದ ಕಾಡಿನಲ್ಲಿ ಭಿಕ್ಷುಗಳಿಗೆ ಸೂರು ಮಾಡಿಕೊಟ್ಟ ಹಾಗಾಯಿತು.

ಆಮೇಲಿನ ನಂಟು ಇನ್ನೂ ಸ್ಪಷ್ಟ. 9ನೇ ಶತಮಾನದ ಮೂರು ಶಾಸನಗಳು ಮಾನ್ಯಖೇಟದ ಅಮೋಘವರ್ಷನ ಹೆಸರು ಹೇಳುತ್ತವೆ. ಕೊಂಕಣವನ್ನು ಅವನ ಅಧೀನದಲ್ಲಿ ಶಿಲಾಹಾರರು ಆಳುತ್ತಿದ್ದರು. ‘ಕವಿರಾಜಮಾರ್ಗ’ದೊಂದಿಗೆ ನಾವು ನೆನೆಯುವ ದೊರೆ ಇಲ್ಲಿ ಏನನ್ನೂ ಕೊಟ್ಟವನಲ್ಲ, ಅವನ ಹೆಸರು ಕಾಲ ಗುರುತಿಸಲು ಮಾತ್ರ. ಶಾಸನದ ಭಾಷೆಯೂ ಸಂಸ್ಕೃತ. ಸ್ವಾರಸ್ಯ ಇರುವುದು ಲೆಕ್ಕದಲ್ಲಿ. ಶಿಲಾಹಾರ ಪುಲ್ಲಶಕ್ತಿಯ ಕಾಲದ, ಶಕ 765ರ ಶಾಸನದಲ್ಲಿ ಒಬ್ಬ ಮಂತ್ರಿ ಹಣ ಹಂಚುತ್ತಾನೆ: ಬುದ್ಧನ ಪೂಜೆಗೆ 20 ದ್ರಮ್ಮ, ವಿಹಾರದ ರಿಪೇರಿಗೆ 3, ಭಿಕ್ಷುಗಳ ಬಟ್ಟೆಗೆ 5, ಪುಸ್ತಕಕ್ಕೆ 1. ಶಕ 775ರಲ್ಲಿ ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರನೆಂಬವನು ಧ್ಯಾನಕ್ಕೆ ತಕ್ಕ ಕೋಣೆಗಳನ್ನು ಮಾಡಿಸಿ 100 ದ್ರಮ್ಮ ಇಡುತ್ತಾನೆ. ಸಾತವಾಹನರ ಕಾಲದ ದಾನಗಳಲ್ಲಿ ತೊಟ್ಟಿ, ದಾರಿ, ಗುಹೆ. ಇಲ್ಲಿ ರಿಪೇರಿ ಮತ್ತು ಪುಸ್ತಕ. ಬಿಡಾರಕ್ಕೆ ವಯಸ್ಸಾಗಿತ್ತು.

ಭಿಕ್ಷುಗಳು ಕರಗಿಹೋಗುತ್ತಿದ್ದ ಕಾಲಕ್ಕೆ ಬೇರೆ ಅತಿಥಿಗಳು ಬಂದರು. 90ನೇ ಗುಹೆಯಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ. 1009ರಲ್ಲಿ, ಮತ್ತೆ 1021ರಲ್ಲಿ ಬೆಟ್ಟ ಹತ್ತಿದ ಪಾರ್ಸಿಗಳು ಬಂದ ತಾರೀಖನ್ನೂ ತಮ್ಮ ತಮ್ಮ ಹೆಸರು, ತಂದೆಯ ಹೆಸರುಗಳನ್ನೂ ಗೋಡೆಯಲ್ಲಿ ಕೊರೆದರು. ದಾನದ ಮಾತು ಅವುಗಳಲ್ಲಿಲ್ಲ.