ಮಗುವಿನ ಪಕ್ಕದಲ್ಲಿ ಕೂರುವವರು ಯಾರು?

ನಿವೃತ್ತನಾದ ಮೇಲೆ ಹಳೆಯ ವಿದ್ಯಾರ್ಥಿಗಳಿಂದ ಬರುವ ಪ್ರಶ್ನೆಗಳ ಸ್ವರೂಪವೇ ಬದಲಾಗಿದೆ. ಅಂದು ಪಾಣಿಪತ್ ಕದನಗಳ ಇಸವಿಗಳನ್ನು ಕೇಳಿ ಬೇಸರಗೊಳ್ಳುತ್ತಿದ್ದವರು ಇಂದು ತಾವೇ ತಂದೆತಾಯಿಗಳಾಗಿ, "ಸರ್, ಮೂರು ವರ್ಷದ ಮಗುವಿಗೆ ಟಿವಿ ತೋರಿಸಬಹುದೇ?" ಎಂದು ವಿಚಾರಿಸುತ್ತಾರೆ. ನಾನು ವೈದ್ಯನಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ. ಆದರೆ ಮೊಮ್ಮಕ್ಕಳಿರುವ ಮನೆಯಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ. ಇತಿಹಾಸ ಬೋಧಿಸಿದವನಿಗೆ ಯಾವ ಪ್ರಶ್ನೆ ಬಂದರೂ ಒಮ್ಮೆ ಹಿಂದಕ್ಕೆ ತಿರುಗಿ ನೋಡುವುದು ರೂಢಿ. ಆದುದರಿಂದ ಎಳೆಯ ಮಕ್ಕಳ ಟಿವಿ ಕಾರ್ಯಕ್ರಮಗಳು ನಡೆದು ಬಂದ ದಾರಿಯನ್ನು ಸ್ವಲ್ಪ ವಿವರಿಸಿ, ಅನಂತರ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ.

ಬ್ರಿಟನ್ನಿನಿಂದ ಆರಂಭಿಸೋಣ. ಶಾಲೆಗೆ ಹೋಗದಷ್ಟು ಎಳೆಯ ಮಕ್ಕಳಿಗಾಗಿ ಬಿಬಿಸಿ ಸಂಸ್ಥೆಯು 1950ರಲ್ಲಿ 'ಆ್ಯಂಡಿ ಪ್ಯಾಂಡಿ' ಎಂಬ ಗೊಂಬೆಯಾಟದ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಟಿವಿ ಎಂಬುದು ದಾದಿಯ ಸ್ಥಾನವನ್ನು ಆಕ್ರಮಿಸಿ, ತಾಯಂದಿರು ಮಗುವನ್ನು ಅದರ ವಶಕ್ಕೆ ಒಪ್ಪಿಸಿ ಹೋದಾರು ಎಂಬ ಆತಂಕ ಆಗಲೇ ಇದ್ದಿತು. ಕೆಲವೇ ವರ್ಷಗಳಲ್ಲಿ ಇಂಥ ಕಾರ್ಯಕ್ರಮಗಳಿಗೆಲ್ಲ ಸೇರಿ ಇಟ್ಟ ಹೆಸರು 'ವಾಚ್ ವಿತ್ ಮದರ್', ಅಂದರೆ 'ಅಮ್ಮನೊಡನೆ ನೋಡು'. ಮಗುವಿನ ಪಕ್ಕದಲ್ಲಿ ತಾಯಿ ಇರಬೇಕೆಂಬ ಷರತ್ತು ಹೆಸರಿನಲ್ಲಿಯೇ ಅಡಗಿತ್ತು.

ಅದೇ ಕಾಲದ ಇನ್ನೊಂದು ಪದ್ಧತಿಯನ್ನು ಕೇಳಿದರೆ ಇಂದಿನವರಿಗೆ ಆಶ್ಚರ್ಯವಾಗಬಹುದು. ಪ್ರತಿದಿನ ಸಂಜೆ ಆರರಿಂದ ಏಳರವರೆಗೆ ಅಲ್ಲಿ ಟಿವಿ ಪ್ರಸಾರವೇ ಇರುತ್ತಿರಲಿಲ್ಲ. ಮಕ್ಕಳ ಕಾರ್ಯಕ್ರಮ ಮುಗಿದ ಮೇಲೆ ಪರದೆ ಖಾಲಿ. ಆ ಅವಧಿಯಲ್ಲಿ ಮಕ್ಕಳನ್ನು ಮಲಗಿಸಬೇಕು ಎಂಬುದು ಉದ್ದೇಶ. ಇದನ್ನು ಎಳೆಯರ ಕದನವಿರಾಮ ಎಂದು ಕರೆಯುತ್ತಿದ್ದರು. 1955ರಲ್ಲಿ ಜಾಹೀರಾತಿನಿಂದ ನಡೆಯುವ ಖಾಸಗಿ ಟಿವಿ ಬಂದಿತು. ಒಂದು ಗಂಟೆಯ ಆದಾಯ ದಿನವೂ ನಷ್ಟವಾಗುತ್ತಿದೆ ಎಂದು ಆ ಕಂಪನಿಗಳು ಆಕ್ಷೇಪಿಸಿದವು. 1957ರ ಫೆಬ್ರವರಿಯಲ್ಲಿ ಈ ವಿರಾಮ ರದ್ದಾಯಿತು. ಮಗುವಿನ ನಿದ್ದೆಗೂ ಮಾರುಕಟ್ಟೆಗೂ ನಡೆದ ಮೊದಲ ಸ್ಪರ್ಧೆಯಲ್ಲಿ ಗೆದ್ದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಅಮೆರಿಕದ ಸಂಗತಿ. ಅಲ್ಲಿನ ಕಾರ್ನೆಗಿ ಸಂಸ್ಥೆಯ ಅಧಿಕಾರಿಯಾಗಿದ್ದ ಲಾಯ್ಡ್ ಮಾರಿಸೆಟ್ ಎಂಬವರು, ಮೂರು ವರ್ಷದ ತಮ್ಮ ಮಗಳು ಬೆಳಗಿನ ಪ್ರಸಾರ ಪ್ರಾರಂಭವಾಗುವ ಮೊದಲೇ ಟಿವಿಯ ಖಾಲಿ ಸಂಕೇತಚಿತ್ರವನ್ನು ನೋಡುತ್ತ ಕುಳಿತಿರುವುದನ್ನೂ, ಜಾಹೀರಾತಿನ ಹಾಡುಗಳನ್ನು ಬಾಯಿಪಾಠ ಮಾಡಿರುವುದನ್ನೂ ಗಮನಿಸಿದರು. ಸಾಬೂನಿನ ಹಾಡನ್ನು ಕಲಿಯುವ ಮಗು ಅಕ್ಷರವನ್ನೇಕೆ ಕಲಿಯಬಾರದು? ಈ ಪ್ರಶ್ನೆಯನ್ನು ಹಿಡಿದು ಅವರೂ ಜೋನ್ ಗ್ಯಾಂಜ್ ಕೂನಿ ಎಂಬ ಮಹಿಳೆಯೂ ಸೇರಿ ಶ್ರಮಿಸಿದ ಫಲವಾಗಿ 1969ರ ನವೆಂಬರ್ 10ರಂದು 'ಸೆಸಮಿ ಸ್ಟ್ರೀಟ್' ಆರಂಭವಾಯಿತು. ಶಾಲೆಗೆ ಸೇರುವ ಮೊದಲೇ ಹಿಂದುಳಿದುಬಿಡುತ್ತಿದ್ದ ಬಡಮನೆಗಳ ಮಕ್ಕಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಕಾರ್ಯಕ್ರಮವದು. ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿಯೊಂದಿದೆ. ಎಳೆಯ ಮಕ್ಕಳಿಗೆ ಅರ್ಥವಾಗದ, ದೊಡ್ಡವರಿಗಷ್ಟೇ ನಗು ತರಿಸುವ ಹಾಸ್ಯವನ್ನು ಅದರ ನಿರ್ಮಾಪಕರು ಬೇಕೆಂದೇ ಸೇರಿಸುತ್ತಿದ್ದರು. ತಂದೆತಾಯಿ ಬೇಸರಗೊಂಡು ಎದ್ದು ಹೋಗದೆ ಮಗುವಿನ ಜೊತೆ ಕುಳಿತಿರಲಿ ಎಂಬುದೇ ಅದರ ಕಾರಣ. ನಮ್ಮ ಯಕ್ಷಗಾನದ ಹಾಸ್ಯಗಾರನೂ ಇದನ್ನೇ ಅಲ್ಲವೇ ಮಾಡುವುದು? ಮುದುಕರಿಗೊಂದು, ಮಕ್ಕಳಿಗೊಂದು ಮಾತು ಹೇಳಿ ಇಡೀ ಮನೆಯನ್ನು ಬೆಳಗಿನವರೆಗೆ ಕೂರಿಸುತ್ತಾನೆ.

ನಮ್ಮ ದೇಶದಲ್ಲಿ ಟಿವಿ ಬಂದದ್ದು 1959ರಲ್ಲಿ, ದೆಹಲಿಗೆ. ಅಲ್ಲಿನ ಶಾಲೆಗಳಿಗಾಗಿ ಪಾಠಗಳ ಪ್ರಸಾರ ಆರಂಭವಾದದ್ದು 1961ರಲ್ಲಿ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಎಂಬ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿದ್ದವು. ಉಪಗ್ರಹವನ್ನು ಅಮೆರಿಕದ ನಾಸಾ ಒಂದು ವರ್ಷದ ಮಟ್ಟಿಗೆ ಒದಗಿಸಿತ್ತು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾಗಳು ಆ ಹಳ್ಳಿಗಳಲ್ಲಿ ತಲೆಯೆತ್ತಿದವು. ಬೆಳಗಿನ ಹೊತ್ತು 5ರಿಂದ 12 ವರ್ಷದ ಮಕ್ಕಳಿಗಾಗಿ ಹಿಂದಿ, ಕನ್ನಡ, ತೆಲುಗು, ಒಡಿಯಾ ಭಾಷೆಗಳಲ್ಲಿ ತಲಾ ಇಪ್ಪತ್ತೆರಡೂವರೆ ನಿಮಿಷ ಕಾರ್ಯಕ್ರಮ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಹೈದರಾಬಾದ್ ಕರ್ನಾಟಕದ ಮಗು ತನ್ನ ಭಾಷೆಯಲ್ಲಿ ಟಿವಿ ಕಂಡಿತ್ತು. ಅದನ್ನು ಒಂಟಿಯಾಗಿ ನೋಡುವ ಮಾತೇ ಇರಲಿಲ್ಲ. ಊರಿಗೆ ಒಂದೇ ಪೆಟ್ಟಿಗೆ. ಓರಗೆಯವರೆಲ್ಲ ಒತ್ತಾಗಿ ಕುಳಿತು ನೋಡಬೇಕು. ಮುಗಿದ ಮೇಲೆ ಮಾತು ತಾನಾಗಿಯೇ ಹುಟ್ಟುತ್ತದೆ.

ಮುಂದೆ ಕಾಲ ಬದಲಾಯಿತು. 1982ರಲ್ಲಿ ಅಮೆರಿಕದ ಆಟಿಕೆ ಕಂಪನಿಯೊಂದು 'ಹೀ-ಮ್ಯಾನ್' ಗೊಂಬೆಗಳನ್ನು ಮಾರುಕಟ್ಟೆಗೆ ತಂದಿತು. 1983ರಲ್ಲಿ ಅದರದೇ ಕಾರ್ಟೂನ್ ಧಾರಾವಾಹಿ ಬಂದಿತು. ಮೊದಲು ಗೊಂಬೆ, ಆಮೇಲೆ ಕಥೆ ಎಂಬ ಕ್ರಮವನ್ನು ಗಮನಿಸಿ. ನಮ್ಮ ದೂರದರ್ಶನದಲ್ಲಿಯೂ ಬಂದ ಅದನ್ನು ನಿಮ್ಮಲ್ಲಿ ಅನೇಕರು ಕಣ್ಣರಳಿಸಿ ನೋಡಿದ್ದೀರಿ. ಇಂಥ ಕಾರ್ಯಕ್ರಮಗಳು ಅತಿಯಾದಾಗ ಅಮೆರಿಕವು 1990ರಲ್ಲಿ ಕಾನೂನು ರಚಿಸಿ, ಮಕ್ಕಳ ಕಾರ್ಯಕ್ರಮಗಳ ನಡುವಿನ ಜಾಹೀರಾತಿಗೆ ವಾರಾಂತ್ಯದಲ್ಲಿ ಗಂಟೆಗೆ ಹತ್ತೂವರೆ ನಿಮಿಷ, ಉಳಿದ ದಿನಗಳಲ್ಲಿ 12 ನಿಮಿಷ ಎಂಬ ಮಿತಿ ಹಾಕಿತು. ಮಿತಿಯೇ ಇಷ್ಟಾದರೆ ಮಿತಿಯಿಲ್ಲದ ಕಾಲ ಹೇಗಿದ್ದಿರಬೇಕು!

ಹೊಸದೆಲ್ಲವೂ ಕೆಟ್ಟದ್ದೆಂದು ಹೇಳುವ ಮುದುಕರ ಸಾಲಿನಲ್ಲಿ ನಾನಿಲ್ಲ. 1997ರಲ್ಲಿ ಬಿಬಿಸಿ 'ಟೆಲಿಟಬ್ಬೀಸ್' ಎಂಬ ಕಾರ್ಯಕ್ರಮವನ್ನು ಆರಂಭಿಸಿದಾಗ, ತೊದಲು ಮಾತಿನ ಆ ಬಣ್ಣಬಣ್ಣದ ಬೊಂಬೆಗಳನ್ನು ಬಹಳ ಜನ ಹಳಿದರು. ಒಂದೇ ದೃಶ್ಯವನ್ನು ಎರಡೆರಡು ಸಲ ತೋರಿಸುತ್ತಾರಲ್ಲ ಎಂಬುದು ಅವರ ದೂರು. ನಾನು ಇದನ್ನು ಒಪ್ಪುವುದಿಲ್ಲ. ಕಾಗಕ್ಕ ಗುಬ್ಬಕ್ಕನ ಕಥೆಯನ್ನು ನಮ್ಮ ಅಜ್ಜಿಯರು ಎಷ್ಟು ಸಲ ಹೇಳಲಿಲ್ಲ? ಒಂದು ಮಾತು ಆಚೀಚೆಯಾದರೆ ತಿದ್ದುತ್ತಿದ್ದವರು ನಾವೇ. ಎಳೆಯ ಮಗುವಿಗೆ ಪುನರುಕ್ತಿ ದೋಷವಲ್ಲ, ಅದೇ ಪಾಠ. ನನ್ನ ಆಕ್ಷೇಪವಿರುವುದು ಕ್ಷಣಕ್ಕೊಂದು ದೃಶ್ಯ, ಕ್ಷಣಕ್ಕೊಂದು ಗದ್ದಲ ತೋರಿಸಿ, ಮಗುವಿಗೆ "ಅದೇಕೆ?" ಎಂದು ಕೇಳಲು ಬಿಡುವನ್ನೇ ಕೊಡದ ಕಾರ್ಯಕ್ರಮಗಳ ಬಗೆಗೆ.

ಭಾಷೆಯ ವಿಚಾರ ಇನ್ನೂ ಗಂಭೀರವಾದುದು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಿತು. ಮಕ್ಕಳ ಕನ್ನಡ ವಾಹಿನಿಯಾದ ಚಿಂಟು ಟಿವಿ ಆರಂಭವಾದದ್ದು 2009ರಲ್ಲಿ. ನಡುವೆ 14 ವರ್ಷ. ಕನ್ನಡ ಚಿತ್ರರಂಗವು ದಶಕಗಳ ಕಾಲ ಡಬ್ಬಿಂಗ್ ಅನ್ನು ವಿರೋಧಿಸಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯ ವಿರುದ್ಧ ಆದೇಶ ನೀಡಿತು. ಕಲಾವಿದರ, ತಂತ್ರಜ್ಞರ ಜೀವನೋಪಾಯದ ಪ್ರಶ್ನೆ ಅದರ ಹಿಂದಿತ್ತೆಂಬುದನ್ನು ನಾನು ಬಲ್ಲೆ. ಆದರೆ ಆ ವಾದವಿವಾದದಲ್ಲಿ ಮೂರು ವರ್ಷದ ಮಗುವಿನ ಪರವಾಗಿ ಮಾತನಾಡಿದವರು ಕಡಿಮೆ. ಕನ್ನಡದ ಮನೆಯ ಮಕ್ಕಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಗುವುದನ್ನು, ಹೆದರುವುದನ್ನು ಕಲಿತರು. ಬೇರೆ ಭಾಷೆ ಬರುವುದು ಸಂತೋಷವೇ. ಆದರೆ ತನ್ನ ಅಜ್ಜಿಯೊಡನೆ ಹಟ ಮಾಡುವುದಕ್ಕೆ ಮಗುವಿಗೆ ಮಾತು ಸಿಗದಿದ್ದರೆ, ಅದು ಅಜ್ಜಿಗೂ ನಷ್ಟ, ಮಗುವಿಗೂ ನಷ್ಟ.

ಹಾಗಿದ್ದರೆ ಟಿವಿಯಿಂದ ಎಳೆಯ ಮಗು ಭಾಷೆ ಕಲಿಯುತ್ತದೆಯೇ? ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಕೂಸುಗಳ ಒಂದು ಗುಂಪಿನೆದುರು ಚೀನಿ ಭಾಷಿಕರು 12 ಸಲ ಕುಳಿತು ಪುಸ್ತಕ ಓದಿದರು, ಆಟವಾಡಿಸಿದರು. ಇನ್ನೊಂದು ಗುಂಪಿಗೆ ಅದನ್ನೇ ಪರದೆಯ ಮೇಲೆ ತೋರಿಸಿದರು. ಎದುರಿಗೆ ಕುಳಿತವರಿಂದ ಕಲಿತ ಕೂಸುಗಳು ಚೀನಿ ಧ್ವನಿಗಳ ವ್ಯತ್ಯಾಸವನ್ನು ಗುರುತಿಸಿದವು. ಪರದೆಯನ್ನು ನೋಡಿದವು ಗುರುತಿಸಲಿಲ್ಲ.

2016ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವು, ಹದಿನೆಂಟು ತಿಂಗಳೊಳಗಿನ ಕೂಸುಗಳಿಗೆ ಪರದೆ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಸಾಕು, ಅದನ್ನೂ ದೊಡ್ಡವರು ಜೊತೆಗೆ ಕುಳಿತು ನೋಡಲಿ ಎಂದು ಸಲಹೆ ನೀಡಿತು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆಯೂ ಮೂರು ನಾಲ್ಕು ವರ್ಷದವರಿಗೆ ಒಂದು ಗಂಟೆಯ ಮಿತಿಯನ್ನೇ ಹೇಳುತ್ತದೆ. ಆ ವೈದ್ಯರು ಕೂಸುಗಳಿಗೂ ಒಂದು ವಿನಾಯಿತಿ ಕೊಟ್ಟಿದ್ದಾರೆ: ವಿಡಿಯೊ ಕರೆ. ಆಚೆ ಬದಿಯಲ್ಲಿರುವವರು ಮಗುವಿನ ನಗೆಗೆ ನಗುತ್ತಾರೆ, ತೊದಲಿಗೆ ಮರುಮಾತು ಕೊಡುತ್ತಾರೆ. ದೂರದೇಶದಲ್ಲಿರುವ ನಿಮಗೆಲ್ಲ ಇದು ಸಮಾಧಾನದ ಸುದ್ದಿ.

ನನ್ನ ಅಭಿಪ್ರಾಯ ಇಷ್ಟೇ. ಟಿವಿಯ ಚೌಕಟ್ಟು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗುತ್ತ ಬಂದಂತೆ, ಪಕ್ಕದಲ್ಲಿ ಕೂರುವ ಜಾಗವೂ ಇಲ್ಲವಾಯಿತು. ಊರಿನೊಡನೆ ನೋಡಿದ್ದು ಮನೆಯೊಡನೆ ನೋಡುವಂತಾಯಿತು. ಮೊಬೈಲು ಬಂದ ಮೇಲೆ ಮಗು ಒಂಟಿಯಾಯಿತು. ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ, ಮಗುವಿನ ಬಾಯಿಗೆ ನಾಲ್ಕು ತುತ್ತು ಹೋಗಲೆಂದು ಮೊಬೈಲು ಕೊಡುವ ತಾಯಿಯನ್ನು ನಾನು ನಿಂದಿಸಲಾರೆ; ಅವಳ ಅಲಸಿಕೆ ನನಗೆ ಗೊತ್ತು. ಆದರೆ ಮನೆಯಲ್ಲಿ ಅಜ್ಜ ಅಜ್ಜಿಯರಿದ್ದೂ ಅವರು ತಮ್ಮ ಧಾರಾವಾಹಿಯಲ್ಲಿ, ಮಗು ತನ್ನ ಕಾರ್ಟೂನಿನಲ್ಲಿ ಮುಳುಗಿದ್ದರೆ, ಆ ಲೋಪ ನಮ್ಮ ವಯಸ್ಸಿನವರದು. ಒಂದು ಗಂಟೆ ತೋರಿಸಿ. ಆದರೆ ಜೊತೆಗೆ ಕುಳಿತು ತೋರಿಸಿ. ನಡುವೆ ನಿಲ್ಲಿಸಿ, "ಆ ಆನೆ ಎಲ್ಲಿಗೆ ಹೋಯಿತು ಮರಿ?" ಎಂದು ಕನ್ನಡದಲ್ಲಿ ಕೇಳಿ. ಮಗು ಹೇಳುವ ಉತ್ತರ ಕಾರ್ಯಕ್ರಮಕ್ಕಿಂತ ಚೆನ್ನಾಗಿರುತ್ತದೆ.

ನಿಮ್ಮ ಮನೆಗಳಲ್ಲಿ ಹೇಗೆ ನಡೆಯುತ್ತಿದೆ, ಬಿಡುವಾದಾಗ ತಿಳಿಸಿ. ಎಲ್ಲರಿಗೂ ಒಳ್ಳೆಯದಾಗಲಿ.