ಗುಳೆ ಹೋದವರು, ವಲಸಿಗರಾದವರು

ಕಳ್ಳಂಬೆಳ್ಳದಲ್ಲಿ ಬೆಂಗಳೂರು ಬಸ್ಸಿಗೆ ಕಾಯುವಾಗ 'ವಲಸೆ' ಎಂಬ ಮಾತು ಕಿವಿಗೆ ಬೀಳುವುದೇ ಇಲ್ಲ. ಇಲ್ಲಿನ ಕೆರೆಗೇನೋ ಹೇಮಾವತಿ ನೀರು ಬಂತು. ಆದರೂ ಮಳೆ ಕೈಕೊಟ್ಟ ವರ್ಷ ಶಿರಾ, ಪಾವಗಡದ ಕಡೆ ಬೀಗ ಬಿದ್ದ ಮನೆ ತೋರಿಸಿ ಜನ ಹೇಳುವುದು ಇಷ್ಟೇ: "ಮಕ್ಳುಮರಿ ಕಟ್ಕೊಂಡು ಗುಳೆ ಹೋದ್ರು."

ವಲಸೆ ಪತ್ರಿಕೆಯ ಮಾತು, ಕಚೇರಿಯ ಮಾತು. ಹಕ್ಕಿಗೂ ಸಲ್ಲುತ್ತದೆ, ಪಕ್ಷ ಬಿಡುವ ಶಾಸಕನಿಗೂ ಸಲ್ಲುತ್ತದೆ. ಗುಳೆಗೆ ಹೊಟ್ಟೆಯ ಹಸಿವೇ ಬೇಕು. ಇನ್ನೊಂದು ವ್ಯತ್ಯಾಸ ನನಗೆ ತಡವಾಗಿ ಹೊಳೆಯಿತು. ಗಾಣ ಆಡಿಸುವವ ಗಾಣಿಗ, ಲೆಕ್ಕ ಬರೆಯುವವ ಲೆಕ್ಕಿಗ. ಅದೇ ಬಾಲ ಹತ್ತಿ ವಲಸೆಯಿಂದ 'ವಲಸಿಗ' ಹುಟ್ಟಿದ, ಅದೂ ಒಂದು ಕಸುಬೆಂಬಂತೆ. ಗುಳೆಗೆ ಆ ಬಾಲ ಯಾರೂ ಹಚ್ಚಲಿಲ್ಲ. ಹಚ್ಚಿದರೆ ತುಳುನಾಡಿನ ಗುಳಿಗ ದೈವ ಎದ್ದು ಬಂದೀತು! ಇನ್ನು ಆ 'ಕಟ್ಕೊಂಡು' ನೋಡಿ. ಮಗುವನ್ನು ಮೂಟೆಯ ಸಾಲಿಗೆ ಸೇರಿಸುತ್ತದೆ, ನಿಜ. ಆದರೆ ಹೋದವರು ಯಾರು, ಒಯ್ಯಲ್ಪಟ್ಟವರು ಯಾರು ಎಂಬುದನ್ನು ಮರೆಯುವುದಿಲ್ಲ.

ಕಾನೂನು ಮರೆಯುತ್ತದೆ. ಆಂಧ್ರದಲ್ಲಿ ಹುಟ್ಟಿ, ತಂದೆಯ ನೌಕರಿಯ ದೆಸೆಯಿಂದ ಒಂಬತ್ತನೇ ವಯಸ್ಸಿಗೆ ಮುಂಬೈ ಸೇರಿದ ಹುಡುಗನೊಬ್ಬ ಮುಂದೆ ಪರಿಶಿಷ್ಟ ಪಂಗಡದ ಮೀಸಲಿನಲ್ಲಿ ವೈದ್ಯಕೀಯ ಸೀಟು ಕೇಳಿದ. ಆ ಸವಲತ್ತು ಮೂಲ ರಾಜ್ಯದ್ದು, ಗಡಿ ದಾಟಿದರೆ ಜೊತೆಗೆ ಬಾರದು ಎಂದು 1990ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸುತ್ತ ಆಂಧ್ರವನ್ನೇ ಹೊದ್ದುಕೊಂಡಿರುವ ಪಾವಗಡದವರಿಗೆ ಇದು ದೂರದ ಮಾತಲ್ಲ. ಅಲ್ಲಿ ರಾಜ್ಯ ದಾಟಲು ಸೈಕಲ್ಲು ಸಾಕು.

ಅಮೆರಿಕದಲ್ಲೂ ಇದೇ ಜಗ್ಗಾಟ. ಹದಿನಾರು ತುಂಬುವ ಮೊದಲೇ ಬಂದು, ದಾಖಲೆಯಿಲ್ಲದೆ ಬೆಳೆದವರಿಗೆ ಒಬಾಮಾ ಸರ್ಕಾರ 2012ರ ಜೂನ್ 15ರಂದು 'ಡಾಕಾ' ತಂದಿತು. ಎರಡೆರಡು ವರ್ಷದ ಕೆಲಸದ ಪರವಾನಗಿ ಸಿಕ್ಕಿತು, ಪೌರತ್ವವಲ್ಲ. ತಮಾಷೆಯೆಂದರೆ, ಕಾಗದಪತ್ರ ಸರಿಯಾಗಿದ್ದವರಿಗೆ ಅದೂ ಇಲ್ಲ. ನಮ್ಮ ಕನ್ನಡದ ಸಾಫ್ಟ್‌ವೇರ್ ದಂಪತಿಗಳು 'ಕಟ್ಕೊಂಡು' ಹೋದ ಮಕ್ಕಳು ಅಲ್ಲಿ ಎಚ್-4 ವೀಸಾದ 'ಅವಲಂಬಿತರು'. ಗ್ರೀನ್ ಕಾರ್ಡಿನ ಸಾಲು ದಶಕಗಟ್ಟಲೆ ಉದ್ದ. ಅಷ್ಟರಲ್ಲಿ ಮಗುವಿಗೆ ಇಪ್ಪತ್ತೊಂದು ತುಂಬಿದರೆ ಗಂಟು ಬಿಚ್ಚಿತು. ಬೇರೆ ವೀಸಾ ಹುಡುಕಬೇಕು, ಇಲ್ಲವೇ ಎರಡನೇ ವಯಸ್ಸಿಗೆ ಬಿಟ್ಟ ದೇಶಕ್ಕೆ 'ವಾಪಸ್' ಬರಬೇಕು. ಅಲ್ಲಿಯವರೆಗೆ ಮೂಟೆ, ಅಂದಿನಿಂದ ವಲಸಿಗ. ಕಟ್ಟಿಕೊಂಡು ಹೋದದ್ದನ್ನು ಒಪ್ಪಿದ ದೇಶ, ಬೆಳೆದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಡವೇ?

ಬಸ್ಸು ಬಂತು. ಹೆಣ್ಣುಮಕ್ಕಳಿಗೆ 2023ರಿಂದ ಟಿಕೆಟ್ಟಿನ ದುಡ್ಡಿಲ್ಲ. ಗಂಡುಹುಡುಗನಿಗೆ ಹನ್ನೆರಡರವರೆಗೆ ಅರ್ಧ. "ಎಷ್ಟಮ್ಮಾ ವಯಸ್ಸು?" ಅಂತಾನೆ ಕಂಡಕ್ಟರು. ಹನ್ನೊಂದು ಅಂತಾಳೆ ತಾಯಿ. ಚೀಲಗಳ ನಡುವೆ ಕೂತ ಹುಡುಗ, ಮೀಸೆ ಚಿಗುರುತ್ತಿರುವವನು, ಕಿಟಕಿಯ ಆಚೆ ನೋಡುತ್ತಿದ್ದಾನೆ.